ಹಸ್ತೆ-ಚಿತ್ತೆ ದಾಟಿಸುವುದು: ಮೈಸೂರು-ಮಂಡ್ಯ ಕಡೆಯ ನರ್ಸರಿಗೆ ಮಳೆಗಾಲದ ಪೂರ್ತಿ ಮಾರ್ಗದರ್ಶಿ

ನಮ್ಮ ಕಡೆ ನರ್ಸರಿ ಮಾಡುವವರು ಮಳೆಗಾಲ ಅಂದ ತಕ್ಷಣ ಜೂನ್ ತಿಂಗಳನ್ನೇ ನೆನೆಸಿಕೊಳ್ಳುತ್ತಾರೆ. ಮುಂಗಾರು ಕೇರಳ ಮುಟ್ಟಿತು ಅಂತ ಪೇಪರಿನಲ್ಲಿ ಓದಿ ಟಾರ್ಪಲ್ ತರಲು ಓಡುತ್ತಾರೆ. ಆದರೆ ಮೈಸೂರು-ಮಂಡ್ಯದ ಮಳೆ ಲೆಕ್ಕವೇ ಬೇರೆ ಅಲ್ವಾ? ನಾವಿರುವುದು ಘಟ್ಟದ ಈಚೆ ಕಡೆ. ಜುಲೈನಲ್ಲಿ ಕೊಡಗಿನಲ್ಲಿ ಸುರಿಯುವಾಗ ನಮಗೆ ಮೋಡ, ಗಾಳಿ, ಜಿಟಿಜಿಟಿ ಅಷ್ಟೆ. ನಮ್ಮಲ್ಲಿ ಜೋರು ಮಳೆ ಎರಡು ಸಲ ಬರುತ್ತದೆ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಜೊತೆ ಒಂದು ಸುತ್ತು, ಆಮೇಲೆ ಸೆಪ್ಟೆಂಬರ್ ನಡುವಿನಿಂದ ಉತ್ತರೆ, ಹಸ್ತೆ, ಚಿತ್ತೆ ಅಂತ ಅಕ್ಟೋಬರ್ ಕೊನೆವರೆಗೆ ಇನ್ನೊಂದು ಸುತ್ತು.

ಸಸಿಗಳು ಜಾಸ್ತಿ ಸಾಯುವುದು ಈ ಎರಡನೇ ಸುತ್ತಿನಲ್ಲೇ. ಮೇ ಮಳೆ ಸಂಜೆ ಬಂದು ಹೋಗುತ್ತದೆ, ಮಾರನೇ ದಿನ ಬಿಸಿಲು ಕಾಯುತ್ತದೆ, ಗಿಡ ಬೆಳೆಸುವ ಪಾಲಿಥಿನ್ ಕವರಿನ ಮಣ್ಣು ಆರುತ್ತದೆ. ಅಕ್ಟೋಬರ್ ಹೊತ್ತಿಗೆ ಹಾಗಿಲ್ಲ. ಜೂನ್‌ನಿಂದ ಮಣ್ಣು ಒದ್ದೆ ಕುಡಿದು ಕುಡಿದು ಗಟ್ಟಿಯಾಗಿರುತ್ತದೆ, ಕವರಿನ ತೂತುಗಳನ್ನು ಬೇರು ಮತ್ತು ಪಾಚಿ ಮುಚ್ಚಿರುತ್ತವೆ, ಚರಂಡಿಯಲ್ಲಿ ಹೂಳು ತುಂಬಿರುತ್ತದೆ. ಅಂಥ ಹೊತ್ತಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಶುರುವಾದರೆ ಮೂರು ನಾಲ್ಕು ದಿನ ಸೂರ್ಯನ ಮುಖ ಕಾಣುವುದಿಲ್ಲ. ಅದಕ್ಕೇ ಇಲ್ಲಿ ಹೇಳುವ ಕೆಲಸ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಆಗಸ್ಟಿನಲ್ಲಿ ಅದರಲ್ಲಿ ಅರ್ಧ ಮತ್ತೆ ಮಾಡಬೇಕಾಗುತ್ತದೆ. ಆ ಆಗಸ್ಟಿನ ಕೆಲಸವನ್ನೇ ಎಲ್ಲರೂ ಬಿಟ್ಟುಬಿಡುವುದು.

ಹಂತ 1: ನೀರು ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡಿ

ಒಂದು ಸಣ್ಣ ಲೆಕ್ಕ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ಹತ್ತು ಗುಂಟೆ ನರ್ಸರಿ ಮೇಲೆ ಒಂದು ರಾತ್ರಿ 50 ಮಿಲಿಮೀಟರ್ ಬಿದ್ದರೆ 50,000 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಹತ್ತು ಸಲ ತಂದು ನಿಮ್ಮ ಬೆಡ್‌ಗಳ ಮೇಲೆ ಸುರಿದಷ್ಟು ನೀರು. ಅದು ಬೆಳಗಾಗುವಷ್ಟರಲ್ಲಿ ಹೊರಗೆ ಹೋಗಿರಬೇಕು. ಗೊಬ್ಬರ, ಔಷಧಿಯ ಮಾತು ಆಮೇಲೆ.

ಮೇ ತಿಂಗಳ ಮೊದಲ ಜೋರು ಮಳೆಯಲ್ಲಿ ಛತ್ರಿ ಹಿಡಿದು ನರ್ಸರಿ ಒಳಗೆ ನಡೆದು ನೋಡಿ. ಒಣಗಿದ ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ನೀರು ಎಲ್ಲಿಂದ ಒಳಗೆ ಬರುತ್ತಿದೆ, ಎಲ್ಲಿ ತಿರುಗುತ್ತಿದೆ, ಎಲ್ಲಿ ನಿಲ್ಲುತ್ತಿದೆ ಅಂತ ನೋಡಿ ಅಲ್ಲಲ್ಲಿ ಒಂದು ಗೂಟ ಹೊಡೆದು ಬಿಡಿ. ಮಳೆ ನಿಂತ ಮೇಲೆ ಗೂಟ ಇರುವ ಕಡೆ ಕೆಲಸ. ಎಷ್ಟೋ ನರ್ಸರಿಗಳಲ್ಲಿ ತೊಂದರೆ ಕೊಡುವುದು ಒಳಗೆ ಬಿದ್ದ ಮಳೆಗಿಂತ ಮೇಲಿನ ಹೊಲದಿಂದ, ರಸ್ತೆಯಿಂದ ಇಳಿದು ಬರುವ ನೀರು. ಅದಕ್ಕೆ ಮೇಲು ಬದಿಯಲ್ಲಿ ಅಡ್ಡ ಒಂದು ಕಾಲುವೆ ತೆಗೆದು ತಿರುಗಿಸಿದರೆ ಅರ್ಧ ಭಾರ ಇಳಿಯುತ್ತದೆ. ಕಾಲುವೆಗೆ ನೂರು ಅಡಿಗೆ ಒಂದು ಅಡಿ ಇಳಿಜಾರು ಸಾಕು.

ಇಲ್ಲಿ ಮೈಸೂರು ಕಡೆಗೂ ಮಂಡ್ಯ ಕಡೆಗೂ ವ್ಯತ್ಯಾಸ ಇದೆ. ಮೈಸೂರು ಸುತ್ತ ಹೆಚ್ಚಾಗಿ ಇಳಿಜಾರಿನ ಕೆಂಪು ಮಣ್ಣು. ನೀರು ಬೇಗ ಓಡುತ್ತದೆ, ಓಡುವಾಗ ಮಣ್ಣನ್ನೂ ಎಳೆದುಕೊಂಡು ಹೋಗಿ ಚರಂಡಿ ತುಂಬಿಸುತ್ತದೆ. ಚರಂಡಿಯ ದಾರಿಯಲ್ಲಿ ಅಲ್ಲಲ್ಲಿ ಎರಡು ಅಡಿ ಆಳದ ಹೂಳು ಗುಂಡಿ ಮಾಡಿ. ಒಂದೊಂದು ಜೋರು ಮಳೆ ಆದ ಮೇಲೆ ಸನಿಕೆ ಹಿಡಿದು ಗುಂಡಿ ಖಾಲಿ ಮಾಡಿದರೆ ಚರಂಡಿ ಕಟ್ಟಿಕೊಳ್ಳುವುದಿಲ್ಲ.

ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಕತೆ ಬೇರೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ಸುತ್ತ ಗದ್ದೆಗಳಲ್ಲಿ ನಾಟಿ ಆದ ಮೇಲೆ ನೆಲದ ಒಳಗಿನ ನೀರೇ ಮೇಲೆ ಬಂದಿರುತ್ತದೆ. ಒಂದೂವರೆ ಅಡಿ ಗುಂಡಿ ತೆಗೆದು ರಾತ್ರಿ ಬಿಡಿ. ಬೆಳಗ್ಗೆ ತಳದಲ್ಲಿ ನೀರು ಕೂತಿದ್ದರೆ ಅಲ್ಲಿ ಚರಂಡಿ ಆಳ ಮಾಡಿ ಉಪಯೋಗ ಇಲ್ಲ, ಗದ್ದೆ ನೀರು ಒಳಗೆ ಬರಲು ನೀವೇ ದಾರಿ ಮಾಡಿಕೊಟ್ಟ ಹಾಗೆ. ಅಂಥ ಜಾಗದಲ್ಲಿ ಬೆಡ್ಡನ್ನೇ ಎತ್ತರ ಮಾಡಬೇಕು. ಟ್ರೇಗಳಿಗೆ ಸಿಮೆಂಟ್ ಇಟ್ಟಿಗೆ ಮೇಲೆ ಬೆಂಚು ಕಟ್ಟಿ.

ಪಕ್ಕದವರ ಹೊಲಕ್ಕೆ ನೀರು ಬಿಡಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ. ಬದುವಿನ ಜಗಳ ಒಂದು ಸಲ ಶುರುವಾದರೆ ಮಳೆ ನಿಂತರೂ ನಿಲ್ಲುವುದಿಲ್ಲ.

ನದಿ ಪಕ್ಕದವರಿಗೆ ಇನ್ನೊಂದು ಮಾತು. ನಿಮ್ಮೂರಿನಲ್ಲಿ ಹನಿ ಬೀಳದಿದ್ದರೂ ನೀರು ನುಗ್ಗಬಹುದು. ವಯನಾಡಿನಲ್ಲಿ ಸುರಿದರೆ ಕಬಿನಿ ತುಂಬುತ್ತದೆ, ಕೊಡಗಿನಲ್ಲಿ ಸುರಿದರೆ ಕೆಆರ್‌ಎಸ್. 2019ರ ಆಗಸ್ಟಿನಲ್ಲಿ ಕಪಿಲೆ, ಅಂದರೆ ಇದೇ ಕಬಿನಿ, ಉಕ್ಕಿ ನಂಜನಗೂಡು-ಮೈಸೂರು ರಸ್ತೆಯೇ ಬಂದ್ ಆಗಿತ್ತು. ಕೆಆರ್‌ಎಸ್‌ನ ಪೂರ್ತಿ ಮಟ್ಟ 124.80 ಅಡಿ. ಅಣೆಕಟ್ಟೆ ಆ ಮಟ್ಟದ ಹತ್ತಿರ ಬಂದಿದ್ದು ಒಳಹರಿವು ಏರುತ್ತಿದ್ದರೆ ತಗ್ಗಿನಲ್ಲಿರುವ ಬೆಲೆಬಾಳುವ ಗಿಡಗಳನ್ನು ಎತ್ತರಕ್ಕೆ ಸಾಗಿಸಲು ಆಳು, ಗಾಡಿ ಮೊದಲೇ ಮಾತಾಡಿಟ್ಟುಕೊಳ್ಳಿ.

ಹಂತ 2: ಕವರಿನ ಕೆಳಗೆ ಏನಿರಬೇಕು

ಗಿಡದ ಕವರನ್ನು ಬರೀ ಮಣ್ಣಿನ ಮೇಲೆ ಇಟ್ಟರೆ ತಳದ ತೂತು ಕೆಸರಿನಲ್ಲಿ ಮುಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಇಟ್ಟರೆ ಹಾಳೆಯ ಮೇಲೇ ನೀರು ನಿಂತು ಇನ್ನೂ ಕೆಟ್ಟದ್ದು. ಮೂರು ನಾಲ್ಕು ಇಂಚು 20 ಎಂಎಂ ಜಲ್ಲಿ ಹಾಸಿ. ದುಡ್ಡಿದ್ದರೆ ಜಲ್ಲಿ ಕೆಳಗೆ ನೀರು ಇಂಗುವ ಕಳೆ ಮ್ಯಾಟ್ ಹಾಕಿ. ಜಲ್ಲಿಯಿಂದ ಇನ್ನೊಂದು ಲಾಭ ಇದೆ: ಮಳೆ ಹನಿ ಬಿದ್ದು ಕೆಸರು ಎಲೆಗೆ ಸಿಡಿಯುವುದಿಲ್ಲ. ಎಲೆ ರೋಗದ ಎಷ್ಟೋ ಬೀಜಕಣಗಳು ಹತ್ತುವುದೇ ಈ ಸಿಡಿಯುವ ಕೆಸರಿನ ಜೊತೆ.

ಆದರೆ ಇದೇ ಜಲ್ಲಿಯನ್ನು ಕುಂಡದ ಒಳಗೆ ತಳದಲ್ಲಿ ಹಾಕುವುದು ಇದೆಯಲ್ಲ, ಅದರಿಂದ ನೀರು ಬಸಿಯುವುದಿಲ್ಲ. ಹಳಬರೆಲ್ಲ ಹೆಂಚಿನ ಚೂರು, ಜಲ್ಲಿ ಹಾಕುತ್ತಿದ್ದರು ನಿಜ. ತೂತು ಮುಚ್ಚದ ಹಾಗೆ ಒಂದು ಚೂರು ಇಟ್ಟರೆ ಅಡ್ಡಿ ಇಲ್ಲ. ಆದರೆ ಒಂದು ಪದರ ಜಲ್ಲಿ ಹಾಕಿದರೆ ಮೇಲಿನ ಮಣ್ಣು ಪೂರ್ತಿ ನೀರು ಕುಡಿದು ತೊಟ್ಟಿಕ್ಕುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಒದ್ದೆ ಪದರ ತಳದಲ್ಲಿ ಇರುವ ಬದಲು ಬೇರಿನ ಹತ್ತಿರಕ್ಕೆ ಏರುತ್ತದೆ, ಅಷ್ಟೆ.

ಇದೇ ಕಾರಣಕ್ಕೆ ಗಿಡ್ಡ ಕವರಿಗೆ ಮಳೆಗಾಲದಲ್ಲಿ ಕಷ್ಟ ಜಾಸ್ತಿ. ಒಂದೇ ಮಣ್ಣು ತುಂಬಿದರೆ ನಾಲ್ಕು-ಆರು ಇಂಚಿನ ಕವರಿನಲ್ಲೂ ಆರು-ಒಂಬತ್ತು ಇಂಚಿನ ಕವರಿನಲ್ಲೂ ತಳದಲ್ಲಿ ನಿಲ್ಲುವ ಒದ್ದೆ ಪದರದ ಎತ್ತರ ಹೆಚ್ಚುಕಮ್ಮಿ ಒಂದೇ. ಉದ್ದ ಕವರಿನಲ್ಲಿ ಅದರ ಮೇಲೆ ಬೇರಿಗೆ ಉಸಿರಾಡಲು ಜಾಗ ಉಳಿಯುತ್ತದೆ, ಗಿಡ್ಡದರಲ್ಲಿ ಉಳಿಯುವುದಿಲ್ಲ. ಹಾಗಾಗಿ ಅಕ್ಟೋಬರ್ ದಾಟಿಸಬೇಕಾದ ಗಿಡಗಳನ್ನು ಆಗಸ್ಟಿನಲ್ಲೇ ಉದ್ದ ಕವರಿಗೆ ಬದಲಾಯಿಸಿ.

ಹೊಸ ಕವರ್ ತಂದಾಗ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಎಷ್ಟೋ ಬಂಡಲ್‌ನಲ್ಲಿ ಪಂಚ್ ಬಿದ್ದಿರುತ್ತದೆ, ಆದರೆ ಬಿಲ್ಲೆ ಹಾಗೇ ಅಂಟಿಕೊಂಡಿರುತ್ತದೆ.

ಹಂತ 3: ಮಣ್ಣಿನ ಮಿಶ್ರಣ ಬದಲಾಯಿಸಿ

ಬೇಸಿಗೆಗೆ ಎರಡು ಪಾಲು ಕೆಂಪು ಮಣ್ಣು, ಒಂದು ಮರಳು, ಒಂದು ಕೊಟ್ಟಿಗೆ ಗೊಬ್ಬರ ಅಂತ ನಡೆಸುತ್ತೇವೆ. ಮಳೆಗಾಲಕ್ಕೆ ಮಣ್ಣು ಒಂದು ಪಾಲಿಗೆ ಇಳಿಸಿ, ದಪ್ಪ ಮರಳು ಒಂದು, ಚೆನ್ನಾಗಿ ಕಳಿತ ಗೊಬ್ಬರ ಒಂದು, ಜೊತೆಗೆ ಅರ್ಧ ಪಾಲು ಸುಟ್ಟ ಭತ್ತದ ಹೊಟ್ಟು. ಮಂಡ್ಯ ಕಡೆ ರೈಸ್ ಮಿಲ್‌ಗಳಿಗೆ ಬರವಿಲ್ಲ, ಕರಿ ಹೊಟ್ಟು ಸುಲಭವಾಗಿ ಸಿಗುತ್ತದೆ. ಪೂರ್ತಿ ಬೂದಿ ಆಗಿರಬಾರದು, ಕಪ್ಪಗೆ ಆಕಾರ ಉಳಿದಿರಬೇಕು. ಎಂ ಸ್ಯಾಂಡ್ ಹಾಕುವುದಾದರೆ ಅದರ ನುಣ್ಣನೆ ಪುಡಿ ತೊಳೆದು ಹಾಕಿ, ಇಲ್ಲವಾದರೆ ಸಿಮೆಂಟಿನ ಹಾಗೆ ಕೂತುಬಿಡುತ್ತದೆ.

ಕೆರೆ ಗೋಡು ಮಳೆಗಾಲಕ್ಕೆ ಬೇಡ. ಫಲವತ್ತು ಇದ್ದರೂ ನೀರು ಬಿಡುವುದಿಲ್ಲ.

ಕೋಕೋಪಿಟ್ ಬಗ್ಗೆ ಜನ ಎರಡು ಅತಿಗೆ ಹೋಗುತ್ತಾರೆ. ಅದು ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿಯುತ್ತದೆ. ಪಾಲಿಥಿನ್ ಸೂರಿನ ಕೆಳಗೆ ಪ್ರೋಟ್ರೇಗೆ (ಗುಳಿಗುಳಿ ಇರುವ ಸಸಿ ಟ್ರೇ) ಬಳಸಿದರೆ ಬಹಳ ಒಳ್ಳೆಯದು, ಯಾಕಂದರೆ ನೀರು ನಿಮ್ಮ ಕೈಯಲ್ಲಿರುತ್ತದೆ. ಬಯಲಿನಲ್ಲಿ ಮಳೆಗೆ ನೆನೆಯುವ ಕವರಿಗೆ ಕಾಲು ಪಾಲಿಗಿಂತ ಜಾಸ್ತಿ ಹಾಕಿದರೆ ವಾರಗಟ್ಟಲೆ ಒದ್ದೆ ಬಟ್ಟೆ ಸುತ್ತಿದ ಹಾಗಿರುತ್ತದೆ. ನಾರಿನ ಮಿಲ್‌ನಿಂದ ನೇರವಾಗಿ ತಂದ ಪುಡಿಯಲ್ಲಿ ಉಪ್ಪು ಇರುತ್ತದೆ, ಎರಡು ಮೂರು ಸಲ ನೆನೆಸಿ ತೊಳೆಯದೆ ಬೀಜ ಹಾಕಬೇಡಿ.

ಸಕ್ಕರೆ ಕಾರ್ಖಾನೆಯ ಪ್ರೆಸ್ ಮಡ್ (ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ) ಅಗ್ಗ ಅಂತ ಹಸಿದನ್ನೇ ತಂದು ಬೆರೆಸುವವರಿದ್ದಾರೆ. ಹಸಿ ಪ್ರೆಸ್ ಮಡ್ ಕೊಳೆಯುವಾಗ ಬಿಸಿ ಹುಟ್ಟುತ್ತದೆ, ಬೇರು ಸುಡುತ್ತದೆ. ರಾಶಿ ಹಾಕಿ, ತಿರುವಿ ಹಾಕಿ, ವಾಸನೆ ಹೋಗಿ ಕಾಫಿಪುಡಿ ಬಣ್ಣಕ್ಕೆ ಬಂದ ಮೇಲೆ ಮಾತ್ರ ಬಳಸಿ.

ಮಳೆ ಶುರುವಾಗುವ ಮುಂಚೆ ಎರಡು ತಿಂಗಳಿಗೆ ಬೇಕಾದಷ್ಟು ಮಿಶ್ರಣ ಒಣಗಿದ್ದಾಗಲೇ ಮಾಡಿ ಸೂರಿನ ಕೆಳಗೆ ಮುಚ್ಚಿಡಿ. ಒದ್ದೆ ಕೆಂಪು ಮಣ್ಣು ಕಲಸಿ ತುಂಬಿದ ಕವರು ಒಣಗಿದ ಮೇಲೆ ಇಟ್ಟಿಗೆ. ಈ ರಾಶಿಗೇ ಟ್ರೈಕೋಡರ್ಮಾ (ರೋಗದ ಶಿಲೀಂಧ್ರಗಳನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಸೇರಿಸಬಹುದು: 100 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕಿಲೋ, ಸ್ವಲ್ಪ ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ ನೆರಳಿನಲ್ಲಿ ಹತ್ತು ಹದಿನೈದು ದಿನ. ಮೇಲೆ ಹಸಿರು ಬಂದರೆ ಅದು ಬೆಳೆದಿದೆ ಅಂತ ಲೆಕ್ಕ.

ಹಂತ 4: ಸೂರು ಮತ್ತು ನೆರಳು

ಶೇಡ್ ನೆಟ್ ಮಳೆ ತಡೆಯುವುದಿಲ್ಲ. ಸಣ್ಣ ಹನಿಗಳನ್ನು ಕೂಡಿಸಿ ದಪ್ಪ ಹನಿ ಮಾಡಿ ಒಂದೇ ಜಾಗದಲ್ಲಿ ತೊಟ್ಟಿಕ್ಕಿಸುತ್ತದೆ, ಅದರ ಕೆಳಗಿರುವ ಸಸಿ ಬುಡದಲ್ಲಿ ಗುಳಿ ಬೀಳುತ್ತದೆ. ಜೊತೆಗೆ ಮೋಡದ ದಿನಗಳಲ್ಲಿ 75 ಪರ್ಸೆಂಟ್ ನೆಟ್ ಕೆಳಗೆ ಬೆಳಕೇ ಸಾಲದೆ ಸಸಿ ಸೊರಗಿ ಉದ್ದವಾಗುತ್ತದೆ. ಜೂನ್ ಆದ ಮೇಲೆ ತರಕಾರಿ, ಹೂವಿನ ಸಸಿಗಳ ಮೇಲಿನ ದಟ್ಟ ನೆಟ್ ಸುತ್ತಿಡಿ, ಬೇಕಿದ್ದರೆ 50 ಪರ್ಸೆಂಟಿನದು ಇರಲಿ. ದಟ್ಟ ನೆರಳು ಒಳಾಂಗಣ ಗಿಡಗಳ ಮೇಲೆ ಮಾತ್ರ ಇರಲಿ.

ಪೂರ್ತಿ ಪಾಲಿಹೌಸ್ ಇಲ್ಲದವರು ಸುಮ್ನೆ ಸಾಲ ಮಾಡಿ ಕಟ್ಟಬೇಕಿಲ್ಲ. ಅರ್ಧ ಇಂಚಿನ ಪಿವಿಸಿ ಪೈಪು ಬಗ್ಗಿಸಿ ಬೆಡ್ ಮೇಲೆ ಕಮಾನು ಮಾಡಿ, 200 ಮೈಕ್ರಾನಿನ ಯುವಿ ಹಾಳೆ ಹೊದಿಸಿ, ಎರಡು ಪಕ್ಕ ಒಂದು ಅಡಿ ತೆರೆದಿಡಿ. ಪಕ್ಕ ಮುಚ್ಚಿದರೆ ಒಳಗೆ ಬೆವರು ಕಟ್ಟಿ ರೋಗ ಇನ್ನೂ ಜೋರಾಗುತ್ತದೆ. ಹಾಳೆ ಬಿಗಿಯಾಗಿ ಇಲ್ಲದಿದ್ದರೆ ನೀರು ತುಂಬಿ ಹೊಟ್ಟೆ ಬಿಡುತ್ತದೆ, ಆಮೇಲೆ ಒಂದೇ ಸಲ ಕಮಾನಿನ ಸಮೇತ ಸಸಿ ಮೇಲೆ ಕೂರುತ್ತದೆ.

ಯಾವುದನ್ನು ಮೊದಲು ಸೂರಿನ ಕೆಳಗೆ ತರಬೇಕು? ಅಡೀನಿಯಂ, ಕಳ್ಳಿ, ಸಕ್ಯುಲೆಂಟ್ ಎಲ್ಲ ಮೇ ಕೊನೆಗೇ. ಇವು ಕೊಳೆಯಲು ಶುರುವಾದರೆ ಕೈಗೆ ಮೆತ್ತಗೆ ಸಿಗುವವರೆಗೆ ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಪ್ರೋಟ್ರೇಗಳು, ಹೊಸ ಕಸಿಗಳು, ಮೆಣಸಿನ ಬಳ್ಳಿ ಸಸಿಗಳು. ಕ್ರೋಟನ್, ದಾಸವಾಳ, ನಂದಿಬಟ್ಟಲು, ಹೊಂಗೆ, ಬೇವು ಬಯಲಿನಲ್ಲೇ ಇರಲಿ.

ಆಷಾಢದ ಗಾಳಿಯನ್ನು ಮರೆಯಬೇಡಿ. ಜೂನ್-ಜುಲೈನಲ್ಲಿ ನಮ್ಮ ಕಡೆ ಮಳೆಗಿಂತ ಗಾಳಿಯದೇ ಕಾಟ. ಉದ್ದ ಗಿಡಗಳಿಗೆ ಕಡ್ಡಿ ಕೊಟ್ಟು ಕಟ್ಟಿ, ಪಡುವಣ ಬದಿಗೆ ಹಳೇ ನೆಟ್ ಇಳಿಬಿಡಿ.

ಹಂತ 5: ದಿನದ ಕೆಲಸ, ಅದರಲ್ಲೂ ಕವರ್ ಎತ್ತಿ ನೋಡುವುದು

ಮಳೆಗಾಲದಲ್ಲಿ ನೀರು ಹಾಕುವುದೇ ಬೇಡ ಅನ್ನುವುದು ತಪ್ಪು. ಜಿಟಿಜಿಟಿ ಮಳೆ ಅಗಲ ಎಲೆಯ ಮೇಲೆ ಬಿದ್ದು ಹೊರಗೆ ಜಾರಿಹೋಗುತ್ತದೆ, ಕವರಿನ ಮಣ್ಣು ಒಳಗೆ ಒಣಗಿರುತ್ತದೆ. ಕಣ್ಣಿಗೆ ಎಲ್ಲ ಒದ್ದೆ ಕಾಣುತ್ತದೆ. ಕವರನ್ನು ಕೈಯಲ್ಲಿ ಎತ್ತಿ. ಹಗುರ ಇದ್ದರೆ ಬೆಳಗ್ಗೆ ನೀರು ಕೊಡಿ, ಭಾರ ಇದ್ದರೆ ಬಿಡಿ. ಸಂಜೆ ನೀರು ಬೇಡವೇ ಬೇಡ, ರಾತ್ರಿಯೆಲ್ಲ ಎಲೆ ಒದ್ದೆಯಾಗಿದ್ದರೆ ರೋಗಕ್ಕೆ ಅಷ್ಟೇ ಸಾಕು.

ಎಲೆ ಹಳದಿ ಆದರೆ ತಕ್ಷಣ ಯೂರಿಯಾ ಕೈಗೆ ತಗೋಬೇಡಿ. ಒಂದು ಗಿಡ ಎತ್ತಿ, ಕವರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಮಣ್ಣಿನ ಗಡ್ಡೆ ಅಂಗೈ ಮೇಲೆ ಇಟ್ಟುಕೊಳ್ಳಿ. ಬೇರಿನ ತುದಿ ಬೆಳ್ಳಗಿದ್ದು ಮಣ್ಣು ಮಳೆ ಬಿದ್ದ ನೆಲದ ವಾಸನೆ ಕೊಟ್ಟರೆ ಬೇರು ಚೆನ್ನಾಗಿದೆ, ಮಳೆ ನೀರಿಗೆ ಸಾರಜನಕ ತೊಳೆದು ಹೋಗಿದೆ. ಮಳೆ ಬಿಟ್ಟ ಒಂದು ಬೆಳಗ್ಗೆ 19:19:19 ಗೊಬ್ಬರ ಲೀಟರಿಗೆ 2-3 ಗ್ರಾಂ ಎಲೆಗೆ ಸಿಂಪಡಿಸಿ, ವಾರದಲ್ಲಿ ಬಣ್ಣ ತಿರುಗುತ್ತದೆ. ಬೇರು ಕಂದಾಗಿದ್ದು, ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ದಾರದಂಥ ಎಳೆ ಉಳಿದು, ಮಣ್ಣು ಚರಂಡಿ ವಾಸನೆ ಹೊಡೆದರೆ ಅದು ಬೇರು ಕೊಳೆ. ಅದಕ್ಕೆ ಗೊಬ್ಬರ ಹಾಕಿದರೆ ಸಾವು ಇನ್ನೂ ಬೇಗ. ಎರಡಕ್ಕೂ ಮೇಲೆ ಕಾಣುವ ಹಳದಿ ಒಂದೇ ಥರ, ಅದಕ್ಕೇ ಒಂದು ಕವರ್ ಹರಿದು ನೋಡದೆ ಔಷಧಿ ಅಂಗಡಿಗೆ ಹೋಗಬೇಡಿ.

ಕವರುಗಳನ್ನು ಒತ್ತಿ ಇಡಬೇಡಿ. ಬೆಡ್ ನಾಲ್ಕು ಅಡಿ ಅಗಲ, ನಡುವೆ ಎರಡು ಅಡಿ ದಾರಿ, ಬೆಡ್ ಒಳಗೂ ಮೂರು ಸಾಲಿಗೆ ಒಂದು ಸಂದು. ತಿಂಗಳಿಗೊಮ್ಮೆ ಕವರು ಸರಿಸಿ ನೆಲಕ್ಕಿಳಿದ ಬೇರು ಕತ್ತರಿಸಿ.

ಹಾಗೆ ಸರಿಸುವಾಗ ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ. ಮಳೆಗಾಲದಲ್ಲಿ ಕವರಿನ ಸಂದಿ ಹಾವಿಗೆ ಒಳ್ಳೆಯ ಜಾಗ, ಕೊಳಕುಮಂಡಲ ಒಣಗಿದ ಎಲೆ ಬಣ್ಣದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಕೆಲಸದವರಿಗೆ ಗಂಬೂಟು, ಕೈಗವಸು ಕೊಡಿಸಿ. ಕಚ್ಚಿದರೆ ಕಟ್ಟು ಬಿಗಿಯುವುದು, ಗಾಯ ಕುಯ್ಯುವುದು, ನಾಟಿ ಔಷಧಿ ಯಾವುದೂ ಬೇಡ. ಅಲ್ಲಾಡಿಸದೆ ನೇರ ವಿಷನಿರೋಧಕ ಇಂಜೆಕ್ಷನ್ ಇರುವ ದೊಡ್ಡ ಆಸ್ಪತ್ರೆಗೆ. ಮೋಟಾರ್ ಸ್ಟಾರ್ಟರ್ ಬೋರ್ಡಿಗೆ ಒಂದು ತಗಡಿನ ಮುಚ್ಚಳ, ಸರಿಯಾದ ಅರ್ತಿಂಗ್ ಇದೆಯಾ ಅಂತ ಮೇ ತಿಂಗಳಲ್ಲೇ ನೋಡಿಸಿ.

ಹಂತ 6: ರೋಗ. ಯಾವುದಕ್ಕೆ ಯಾವುದು ಅಂತ ತಿಳಿದು ಹಾಕಿ

ಪ್ರೋಟ್ರೇಯಲ್ಲಿ ಸಸಿ ಬುಡ ದಾರದ ಹಾಗೆ ಸಣ್ಣಗಾಗಿ ಮಲಗಿಬಿಡುವುದನ್ನು ನೋಡಿರುತ್ತೀರಿ. ಇದಕ್ಕೆ ಹೆಚ್ಚಾಗಿ ಪಿಥಿಯಂ ಅನ್ನುವ ರೋಗಾಣು ಕಾರಣ. ಕಾಳುಮೆಣಸಿನ ಶೀಘ್ರ ಸೊರಗು ರೋಗಕ್ಕೆ ಫೈಟಾಫ್ತೊರಾ. ಇವೆರಡೂ ನೀರಿನಲ್ಲಿ ಈಜಿ ಹರಡುವ ಜಾತಿ. ನಮ್ಮಲ್ಲಿ ಏನೇ ಸತ್ತರೂ ಕಾರ್ಬೆಂಡಜಿಮ್ ಅನ್ನುವ ಶಿಲೀಂಧ್ರನಾಶಕ ಸುರಿಯುವ ಅಭ್ಯಾಸ ಇದೆ. ಈ ಎರಡರ ಮೇಲೆ ಅದು ಕೆಲಸ ಮಾಡುವುದೇ ಇಲ್ಲ. ದುಡ್ಡು ದಂಡ, ದಿನವೂ ದಂಡ. ಇವಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬುಡಕ್ಕೆ ಸುರಿಯಬೇಕು, ಜೋರಾಗಿದ್ದರೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಸೇರಿದ ಪುಡಿ ಲೀಟರಿಗೆ 2 ಗ್ರಾಂ. ಆದರೆ ಸುರಿಯುವ ಮುಂಚೆ ಸತ್ತ ಸಸಿ ಇರುವ ಟ್ರೇ ಎತ್ತಿ ದೂರ ಇಡಿ, ನೀರು ಕಡಿಮೆ ಮಾಡಿ. ಒದ್ದೆ ಹಾಗೇ ಇದ್ದರೆ ಯಾವ ಔಷಧಿಯೂ ಹಿಡಿಯುವುದಿಲ್ಲ. ಟ್ರೈಕೋಡರ್ಮಾ ಹಾಕಿದ ಬೆಡ್‌ಗೆ ತಾಮ್ರದ ಔಷಧಿ ಸುರಿದರೆ ಟ್ರೈಕೋಡರ್ಮಾ ಸಾಯುತ್ತದೆ, ನಡುವೆ ಹದಿನೈದು ದಿನ ಅಂತರ ಬಿಡಿ.

ಬೋರ್ಡೋ ದ್ರಾವಣ ಮನೆಯಲ್ಲೇ ಮಾಡಿಕೊಳ್ಳಬಹುದು. ಹತ್ತು ಲೀಟರಿಗೆ 100 ಗ್ರಾಂ ಮೈಲುತುತ್ತ, 100 ಗ್ರಾಂ ಒಳ್ಳೆಯ ಸುಟ್ಟ ಸುಣ್ಣ. ಒಂದು ಪ್ಲಾಸ್ಟಿಕ್ ಬಕೆಟ್ಟಿನ ಐದು ಲೀಟರಿನಲ್ಲಿ ತುತ್ತ ಕರಗಿಸಿ, ಇನ್ನೊಂದರ ಐದು ಲೀಟರಿನಲ್ಲಿ ಸುಣ್ಣ ಅರಳಿಸಿ ಆರಿಸಿ ಸೋಸಿ. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕಡ್ಡಿಯಿಂದ ತಿರುವಿ. ತಿಳಿ ಆಕಾಶದ ಬಣ್ಣ ಬರುತ್ತದೆ. ಹೊಳೆಯುವ ಹಾಗೆ ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಇನ್ನೂ ಸುಣ್ಣದ ನೀರು ಬೇಕು. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಚಾಕು ಹೊಳಪು ಹಾಗೇ ಇದ್ದರೆ ಸರಿ. ಕಬ್ಬಿಣ, ತಗಡಿನ ಪಾತ್ರೆ ಬೇಡ. ಅವತ್ತಿನದು ಅವತ್ತೇ ಮುಗಿಸಿ. ಎಳೆ ಸಸಿಗೆ, ಗುಲಾಬಿಗೆ ಮೊದಲು ನಾಲ್ಕಾರು ಗಿಡಕ್ಕೆ ಹೊಡೆದು ಎರಡು ದಿನ ನೋಡಿ.

ಸಿಂಪಡಣೆಗೆ ಬಿಡುವು ನೋಡಿಕೊಳ್ಳಬೇಕು. ಎಲೆ ಆರಿರಬೇಕು, ಆಮೇಲೆ ನಾಲ್ಕು ಗಂಟೆಯಾದರೂ ಮಳೆ ಇರಬಾರದು, ಅಂಟು ದ್ರಾವಣ ಸೇರಿಸಿ. ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಕಡೆಯ ಮಳೆ ಮುನ್ಸೂಚನೆ ಹೇಳುತ್ತಾರೆ. ಮೊಬೈಲಿನಲ್ಲಿ ಮೇಘದೂತ ಮಳೆಗೆ, ದಾಮಿನಿ ಸಿಡಿಲಿಗೆ ಇರಲಿ.

ಏನು ರೋಗ ಅಂತ ತಿಳಿಯದಿದ್ದರೆ ಬೇರು ಸಮೇತ ಇಡೀ ಗಿಡ ತೆಗೆದುಕೊಂಡು ಹೋಗಿ ತೋರಿಸಿ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ, ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ, ಮೈಸೂರಿನ ತೋಟಗಾರಿಕೆ ಕಾಲೇಜು ಇಷ್ಟು ಹತ್ತಿರ ಇಟ್ಟುಕೊಂಡು ಅಂಗಡಿಯವರು ಕೊಟ್ಟ ಮೂರು ಪ್ಯಾಕೆಟ್ ಒಟ್ಟಿಗೆ ಕಲಸಿ ಹೊಡೆಯುವುದು ಯಾಕೆ?

ಬಸವನಹುಳುವಿಗೆ ಔಷಧಿಗಿಂತ ಟಾರ್ಚ್ ವಾಸಿ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪಾಯಿ ಎಲೆ, ಎಲೆಕೋಸಿನ ಸಿಪ್ಪೆ ಹರಡಿ. ರಾತ್ರಿ ಅಥವಾ ಬೆಳಕು ಹರಿಯುವ ಮುಂಚೆ ಕೈಗವಸು ಹಾಕಿ ಆಯ್ದು ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಬೆಡ್ ಸುತ್ತ ಸುಣ್ಣದ ಗೆರೆ ಹಾಕುತ್ತಾರೆ, ಅದು ಒಣಗಿರುವವರೆಗೆ ಮಾತ್ರ. ಉಪ್ಪನ್ನು ಗಿಡದ ಹತ್ತಿರ ಚೆಲ್ಲಬೇಡಿ.

ಹಂತ 7: ಗಿರಾಕಿ ಬಾರದ ದಿನಗಳ ಲೆಕ್ಕ

ಮಳೆಗಾಲದಲ್ಲಿ ರೋಗಕ್ಕಿಂತ ಜಾಸ್ತಿ ದುಡ್ಡು ಹೋಗುವುದು ಬಲಿತು ನಿಂತ ಸಸಿಯಲ್ಲಿ. ರೈತರು ಟೊಮೆಟೊ, ಕೋಸು, ಮೆಣಸಿನಕಾಯಿ ಸಸಿಗೆ ಹೇಳಿರುತ್ತಾರೆ. ಸಸಿ ಸಿದ್ಧವಾದ ದಿನ ಫೋನ್ ಮಾಡಿದರೆ "ಅಣ್ಣ, ಹೊಲಕ್ಕೆ ಕಾಲಿಡಕ್ಕಾಗ್ತಿಲ್ಲ, ಇನ್ನೊಂದು ವಾರ ಇಟ್ಕೊಳ್ಳಿ" ಅನ್ನುತ್ತಾರೆ. ಅವರ ತಪ್ಪೂ ಅಲ್ಲ. ಆದರೆ 98 ಗುಳಿಯ ಟ್ರೇಯಲ್ಲಿ ಟೊಮೆಟೊ ಸಸಿ 25-30 ದಿನ ದಾಟಿದರೆ ಬೇರು ಸುತ್ತಿಕೊಂಡು ಉಪಯೋಗಕ್ಕೆ ಬರುವುದಿಲ್ಲ.

ಅದಕ್ಕೆ ಮುಂಗಡ ಇಲ್ಲದೆ ಬೀಜ ಹಾಕಬೇಡಿ. ಅರ್ಧ ದುಡ್ಡು ಮೊದಲೇ, ಹೇಳಿದ ದಿನದಿಂದ ಒಂದು ವಾರದ ಮೇಲೆ ಇಟ್ಟುಕೊಳ್ಳುವುದಿಲ್ಲ ಅಂತ ಚೀಟಿಯಲ್ಲಿ ಬರೆದುಕೊಡಿ. ದೊಡ್ಡ ಆರ್ಡರನ್ನು ಒಂದೇ ದಿನ ಬಿತ್ತದೆ ವಾರಕ್ಕೊಂದು ಕಂತು ಮಾಡಿ. ಕಾಯಿಸಲೇಬೇಕಾದರೆ ನೀರು, ಸಾರಜನಕ ಎರಡೂ ಕಡಿಮೆ ಮಾಡಿ ಬಿಸಿಲಿಗೆ ಒಡ್ಡಿ ಗಟ್ಟಿ ಮಾಡಿ. ಒಂದು ಕಣ್ಣಿನ ಕಬ್ಬಿನ ಸಸಿಗೂ ಇದೇ ಕಟ್ಟುಪಾಡು, ಅದರಲ್ಲಿ ಗರಿಯ ತುದಿ ಕತ್ತರಿಸಿ ಇನ್ನೊಂದಿಷ್ಟು ದಿನ ತಳ್ಳಬಹುದು.

ಇನ್ನೊಂದು ಕಡೆ ಈ ಕಾಲ ಕೊಡುವುದನ್ನು ಬಿಡಬೇಡಿ. ದಾಸವಾಳ, ಮಲ್ಲಿಗೆ, ಇಕ್ಸೋರಾ ಕಡ್ಡಿ ಜೂನ್-ಜುಲೈನ ತಂಪಿನಲ್ಲಿ ಚೆನ್ನಾಗಿ ಬೇರು ಬಿಡುತ್ತವೆ. ಸೀಬೆ, ದಾಳಿಂಬೆ, ನಿಂಬೆಗೆ ಗೂಟಿ ಕಟ್ಟಲು (ಗಿಡದ ಮೇಲೇ ಕೊಂಬೆಗೆ ಬೇರು ಬರಿಸಲು) ಇದೇ ಹೊತ್ತು. ಮಾವಿನ ಓಟೆ, ಹಲಸಿನ ಬೀಜ, ಬೇವಿನ ಬೀಜ ಒಣಗಿಸಿಟ್ಟರೆ ಸತ್ತವು, ಬಿದ್ದ ಕೂಡಲೇ ಹಾಕಬೇಕು. ಮಾವಿನ ಕಸಿ ಕಟ್ಟಿದ ಮೇಲೆ ಐಸ್ ಕ್ಯಾಂಡಿ ಕವರ್ ಟೋಪಿ ಹಾಕಿ ಬಿಗಿ ಮಾಡಿ, ಕಟ್ಟಿನೊಳಗೆ ಮಳೆ ನೀರು ಇಳಿದರೆ ಕಸಿ ಕಪ್ಪಾಗುತ್ತದೆ. ಚಿಗುರು ಟೋಪಿಗೆ ತಾಗಿದ ದಿನ ತೆಗೆದುಬಿಡಿ.

ದಸರಾಕ್ಕೆ ಚೆಂಡು ಹೂವಿನ ಸಸಿ ಕೊಡುವವರು ಆಯುಧಪೂಜೆ ದಿನದಿಂದ ಹಿಂದಕ್ಕೆ ಎಣಿಸಿ. ನಾಟಿಯಿಂದ ಹೂವಿಗೆ 55-60 ದಿನ, ಸಸಿ ಬೆಳೆಯಲು 20-25 ದಿನ. ಹಬ್ಬ ಅಕ್ಟೋಬರ್ ಮೊದಲ ವಾರ ಬಿದ್ದರೆ ಬೀಜ ಜುಲೈ ನಡುವಿಗೇ ಹಾಕಿರಬೇಕು. ಕುಂಡದಲ್ಲಿ ಬೆಳೆಸಿ ಹೂವಿನ ಸಮೇತ ಮಾರುವುದಾದರೆ ಹಸ್ತೆ ಮಳೆಗೆ ಹೂವು ಕೊಳೆಯುತ್ತದೆ, ಮೊಗ್ಗು ಬಿಟ್ಟ ಮೇಲೆ ಸೂರಿನ ಕೆಳಗೆ ತನ್ನಿ.

ಹಂತ 8: ಆಗಸ್ಟಿನ ಎರಡನೇ ಸುತ್ತು

ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅಂತಾರೆ. ಹೊಲಕ್ಕೆ ಸರಿ. ನರ್ಸರಿಯವರಿಗೆ ಮಘೆ, ಹುಬ್ಬೆ ಅಂದರೆ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗಿನ ರಿಪೇರಿ ಕಾಲ. ಬಿಡುವು ಸಿಕ್ಕಾಗ ಚರಂಡಿಯ ಹೂಳು ತೆಗೆಯಿರಿ, ಹಾಳೆಯ ಹರಕು ಅಂಟಿಸಿ. ಕವರಿನ ತೂತಿಗೆ ಕಡ್ಡಿ ಹಾಕಿ ಬಿಡಿಸಿ, ಮೇಲ್ಮಣ್ಣಿನ ಪಾಚಿ ಕೆರೆದು ಹೊಸ ಮರಳು ಉದುರಿಸಿ. ಕಳೆ ಕೈಯಿಂದಲೇ ತೆಗೆಯಿರಿ. ಮಾರಾಟವಾಗದ, ಸೊರಗಿದ ಗಿಡಗಳನ್ನು ಗೌರಿ-ಗಣೇಶ ಹಬ್ಬದೊಳಗೆ ರೇಟ್ ಇಳಿಸಿ ಕೊಟ್ಟುಬಿಡಿ. ರೋಗ ಇರುವುದನ್ನು ಮಾತ್ರ ಬಿಟ್ಟಿಯಾಗಿಯೂ ಕೊಡಬೇಡಿ, ಅದು ಗಿರಾಕಿಯ ತೋಟಕ್ಕೇ ಹೋಗುತ್ತದೆ. ಅಕ್ಟೋಬರಿಗೆ ಬೆಡ್ ಮೇಲೆ ಗಿಡ ಎಷ್ಟು ಕಡಿಮೆ ಇರುತ್ತದೋ ಉಳಿದವಕ್ಕೆ ಅಷ್ಟು ಗಾಳಿ.

ನವೆಂಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಟ್ರೇಗಳನ್ನು ಉಜ್ಜಿ ತೊಳೆದು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ, ಮತ್ತೆ ತೊಳೆದು ಬಿಸಿಲಿಗೆ ಒಣಗಿಸಿ. ಸತ್ತ ಗಿಡದ ಕವರಿನ ಮಣ್ಣನ್ನು ಹೊಸ ಮಿಶ್ರಣಕ್ಕೆ ಸೇರಿಸಬೇಡಿ, ಬೇರೆ ರಾಶಿ ಹಾಕಿ. ಅದನ್ನು ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ ಅರ್ಧ ಅಡಿ ದಪ್ಪ ಹರಡಿ, ನೀರು ಹಾಕಿ ಹದ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಒತ್ತಿ ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆ ಹಾಕಿದರೆ ಅಷ್ಟು ಕಾಯುವುದಿಲ್ಲ.